ಮಕ್ಕಳು ಮುಟ್ಟಬಾರದ ಬೊಂಬೆಗಳು

ಬೊಂಬೆಯೆಂದರೆ ಮಕ್ಕಳ ವಸ್ತುವೆಂಬುದು ನಮ್ಮೆಲ್ಲರ ಸಾಮಾನ್ಯ ಭಾವನೆ. ಆದರೆ ಈಚಿನ ಕೆಲವು ವರ್ಷಗಳಲ್ಲಿ ಬೆಂಗಳೂರಿನಂತಹ ನಗರಗಳಲ್ಲಿ, ಮದುವೆಯ ವಯಸ್ಸಿನ, ಒಳ್ಳೆಯ ಸಂಬಳವುಳ್ಳ ತರುಣ ತರುಣಿಯರು ತಮಗಾಗಿಯೇ ಬೊಂಬೆಗಳನ್ನು ಕೊಳ್ಳುವ ರೂಢಿ ಹಬ್ಬಿದೆ. ಇವು ವಿನೈಲ್ ಎಂಬ ಮೆದು ಪ್ಲಾಸ್ಟಿಕ್ಕಿನಿಂದಾದವು. ಹೆಸರಾಂತ ಕಲಾವಿದನೊಬ್ಬನು ರೂಪಿಸಿ, ಇಂತಿಷ್ಟೇ ಎಂದು ಎಣಿಸಿ ತಯಾರಿಸಿದವು. ಇವು ಆಟಕ್ಕಾಗಿ ಇರುವುದಲ್ಲ, ಗಾಜಿನ ಬೀರುವಿನಲ್ಲಿ ಇರಿಸುವುದಕ್ಕೆ ಇರುವುದು. ನನ್ನ ತಮ್ಮನ ಮಗನು ಅಂತಹುದೊಂದನ್ನು ಪೆಟ್ಟಿಗೆಯ ಸಮೇತ ಕ್ಯಾಲನೂರಿಗೆ ತಂದು ತೋರಿಸಿದಾಗ ಮನೆಯ ಹಿರಿಯರೊಬ್ಬರು, "ಯಾವ ಮಗುವಿಗಪ್ಪಾ ಇದು?" ಎಂದು ಕೇಳಿದರು. "ನನಗೇ, ಅಜ್ಜಿ" ಎಂದನು. ಬೆಲೆಯನ್ನು ಮಾತ್ರ ಅವನು ಅಲ್ಲಿ ಹೇಳಲಿಲ್ಲ. ಅನಂತರ ನನಗೊಬ್ಬನಿಗೇ ಹೇಳಿದನು.

ಇದನ್ನು ಕಂಡು ನಗುವುದು ಸುಲಭ. ಆದರೆ ದೊಡ್ಡವರು ತಮಗಾಗಿ ಬೊಂಬೆಗಳನ್ನು ಕೂಡಿಡುವುದು ನಮ್ಮ ನಾಡಿಗೆ ಹೊಸ ಸಂಗತಿಯೇನಲ್ಲ. ವಿಜಯನಗರದ ಅರಸರ ಮಹಾನವಮಿಯ ಉತ್ಸವವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರೆಂಬುದು ಸರ್ವವಿದಿತ. ಅರಮನೆಯಲ್ಲಿ ನಡೆದುದನ್ನು ಹಳೆಯ ಮೈಸೂರು ಸೀಮೆಯ ಮನೆಗಳು ತಮ್ಮ ತಮ್ಮ ಪ್ರಮಾಣದಲ್ಲಿ ನಡುಮನೆಯ ಮೆಟ್ಟಿಲುಗಳ ಮೇಲೆ ನಡೆಸಿಕೊಂಡು ಬಂದಿವೆ. ಮೈಸೂರು ಅರಮನೆಯಲ್ಲಿಯೇ ಬೊಂಬೆ ತೊಟ್ಟಿಯೆಂಬ ಪ್ರತ್ಯೇಕ ಭಾಗವಿದ್ದು, 19ನೆಯ ಶತಮಾನದ ಮತ್ತು 20ನೆಯ ಶತಮಾನದ ಆದಿಭಾಗದ ಬೊಂಬೆಗಳನ್ನು ಇಂದಿಗೂ ಅಲ್ಲಿ ಕಾಣಬಹುದು. ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಮಾತಿನಲ್ಲಿ ಇದಕ್ಕೆ ಬೊಂಬೆ ಕೂರಿಸುವುದು ಎಂದು ಹೆಸರು.

ಮೆಟ್ಟಿಲುಗಳು ಮೂರು, ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯಲ್ಲಿರಬೇಕು. ಮೇಲೆ ಬಿಳಿಯ ವಸ್ತ್ರ. ತುತ್ತತುದಿಯಲ್ಲಿ ಪಟ್ಟದ ಬೊಂಬೆಗಳು: ಮರದಿಂದ ಕಡೆದ ರಾಜ ಮತ್ತು ರಾಣಿ. ತಾಯಿಯು ಮಗಳ ಮದುವೆಯಲ್ಲಿ ಈ ಜೋಡಿಯನ್ನು ಕೊಟ್ಟು ಕಳುಹಿಸುವುದು ಪದ್ಧತಿ. ನಮ್ಮ ಕಡೆಯವರಿಗೆ ತಿರುಪತಿಯು ಮುಳಬಾಗಿಲು, ಪಲಮನೇರು, ಚಿತ್ತೂರಿನ ದಾರಿಯಲ್ಲಿ ದೂರವಿಲ್ಲವಾದುದರಿಂದ ಯಾತ್ರೆಗೆ ಹೋದವರು ರಕ್ತಚಂದನದ ಜೋಡಿಯನ್ನು ಅಲ್ಲಿಂದಲೇ ತರುತ್ತಿದ್ದರು. ಕೆಳಗಿನ ಮೆಟ್ಟಿಲುಗಳಲ್ಲಿ ದೇವತೆಗಳು, ದಶಾವತಾರ, ಮದುವೆಯ ದಿಬ್ಬಣ, ಸಿಪಾಯಿಗಳು. ಎಲ್ಲಕ್ಕಿಂತ ಕೆಳಗೆ ನಮ್ಮವನಾದ ಶೆಟ್ಟಿ. ಹೊಟ್ಟೆಯ ಶೆಟ್ಟಿಯೂ ಅವನ ಶೆಟ್ಟಮ್ಮನೂ ಅಂಗಡಿ ಹರಡಿಕೊಂಡು ಕುಳಿತಿರುವರು. ಅವರ ಮುಂದೆ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ತೊಗರಿಬೇಳೆ, ಕಡಲೆ, ಬೆಲ್ಲ. ಇಡೀ ಪ್ರದರ್ಶನದಲ್ಲಿ ನಿಜವಾದ ಸರಕು ಇರುವುದು ಈ ಒಂದು ಅಂಗಡಿಯಲ್ಲಿ ಮಾತ್ರವೆಂಬುದನ್ನು ವರ್ತಕನಾದ ನಾನು ಚಿಕ್ಕಂದಿನಿಂದಲೂ ಗಮನಿಸಿದ್ದೇನೆ. ನೆಲದ ಮೇಲೆ ರಾಗಿಯ ಪೈರು ಮೊಳೆಸಿ ಮಾಡಿದ ತೋಟ, ಕನ್ನಡಿಯ ತುಂಡಿನ ಕೆರೆ.

ಮಕ್ಕಳಿಗೆ ಬಿಟ್ಟದ್ದು ಆ ರಾಗಿಯ ತೋಟವೊಂದೇ. ಮೆಟ್ಟಿಲ ಮೇಲಿನದನ್ನು ಮುಟ್ಟಿದರೆ ಬೆನ್ನ ಮೇಲೆ ಗುದ್ದು ಬೀಳುತ್ತಿತ್ತು. ಸಂಜೆ ಆರತಿಯಾದ ಮೇಲೆ ಮಕ್ಕಳಿಗೆ ಬೊಂಬೆ ಬಾಗಿನವೆಂದು ಏನಾದರೂ ತಿಂಡಿ ಸಿಗುತ್ತಿತ್ತು, ಬೊಂಬೆ ಸಿಗುತ್ತಿರಲಿಲ್ಲ. ಪ್ರತಿವರ್ಷವೂ ಕನಿಷ್ಠ ಒಂದಾದರೂ ಹೊಸ ಬೊಂಬೆಯನ್ನು ಸೇರಿಸಬೇಕೆಂಬ ನಿಯಮವಿದ್ದಿತು. ವಿಜಯದಶಮಿಯ ರಾತ್ರಿ ಬೊಂಬೆಯನ್ನು ಮಲಗಿಸಿ, ಮರುದಿನ ಹಳೆಯ ಪಂಚೆ ಸೀರೆಗಳ ತುಂಡುಗಳಲ್ಲಿ ಸುತ್ತಿ ಟ್ರಂಕಿಗೆ ಸೇರಿಸಿದರೆ ಮತ್ತೆ ಬೆಳಕು ಕಾಣುವುದು ಬರುವ ವರ್ಷವೇ. ಹೀಗೆ ಸಂಗ್ರಹಿಸುವವರು, ಜೋಡಿಸುವವರು, ಹೊಸದಕ್ಕಾಗಿ ಕಾಯುವವರು, ನೆರೆಮನೆಯದಕ್ಕಿಂತ ನಮ್ಮದು ಮೇಲೆಂದು ಒಳಗೊಳಗೆ ಹಿಗ್ಗುವವರು ಎಲ್ಲರೂ ದೊಡ್ಡವರೇ. ಗಾಜಿನ ಬೀರುವಿನ ಮುಂದೆ ನಿಂತ ನನ್ನ ತಮ್ಮನ ಮಗನಿಗೂ ನಮ್ಮ ಹಿರಿಯರಿಗೂ ಈ ಮಟ್ಟಿಗೆ ಭೇದವಿಲ್ಲ.

ಭೇದವಿರುವುದು ಬೇರೆಡೆಯಲ್ಲಿ. ವ್ಯಾಪಾರದ ಸಂಬಂಧದಲ್ಲಿ ನಾನು ಕುಟುಂಬಗಳ ವಿಭಾಗಪತ್ರಗಳನ್ನು ಕೆಲವು ಸಲ ಓದಬೇಕಾಗಿ ಬಂದಿದೆ. ಹಿತ್ತಾಳೆಯ ಹಂಡೆ, ತಾಮ್ರದ ಕೊಳಗ, ಬೀಟೆಮರದ ಮಂಚ, ಕಡೆಗೆ ಒರಳುಕಲ್ಲು ಕೂಡ ಅವುಗಳಲ್ಲಿ ನಮೂದಾಗಿರುವುದುಂಟು. ಬೊಂಬೆಯ ಟ್ರಂಕು ನಮೂದಾದುದನ್ನು ನಾನು ಕಂಡಿಲ್ಲ. ಅದು ಲೆಕ್ಕದ ಹೊರಗೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹೋಗುತ್ತದೆ. ಅದಕ್ಕೆ ಬೆಲೆಯನ್ನು ಯಾರೂ ಕಟ್ಟಿರಲಿಲ್ಲವಾದುದರಿಂದ ಅದರ ಸಲುವಾಗಿ ವ್ಯಾಜ್ಯವೂ ಆಗಲಿಲ್ಲ.

ಇನ್ನು ಈ ವಿನೈಲ್ ಬೊಂಬೆಯ ಚರಿತ್ರೆಯನ್ನು ನೋಡೋಣ. ಇದರ ಮೂಲವನ್ನು ಹುಡುಕಿದರೆ ನಾವು ಮೊದಲು ಜಪಾನಿಗೆ ಹೋಗಬೇಕಾಗುತ್ತದೆ. ಆ ದೇಶದಲ್ಲಿಯೂ ಮಾರ್ಚ್ 3ರಂದು ಕೆಂಪು ವಸ್ತ್ರ ಹಾಸಿದ ಮೆಟ್ಟಿಲುಗಳ ಮೇಲೆ ಬೊಂಬೆಗಳನ್ನು ಕೂರಿಸುವ ಹಿನಾ ಹಬ್ಬವಿದೆ. ಮೇಲಿನ ಮೆಟ್ಟಿಲಲ್ಲಿ ಚಕ್ರವರ್ತಿ ದಂಪತಿಗಳು, ಕೆಳಗೆ ಪರಿವಾರ. ನಮ್ಮ ಪಟ್ಟದ ಬೊಂಬೆಗಳನ್ನು ಬಲ್ಲವರಿಗೆ ಅದು ಅಪರಿಚಿತವೆನಿಸದು. ಎರಡನೆಯ ಮಹಾಯುದ್ಧಕ್ಕೆ ಮೊದಲು ಜಪಾನು ಸೆಲ್ಯುಲಾಯ್ಡಿನ ಬೊಂಬೆಗಳನ್ನು ಹೇರಳವಾಗಿ ಹೊರದೇಶಗಳಿಗೆ ಕಳುಹಿಸುತ್ತಿತ್ತು. ನಮ್ಮ ಹಳೆಯ ಟ್ರಂಕುಗಳಲ್ಲಿಯೂ ಅಂತಹವು ಒಂದೆರಡು ಇರುವುದುಂಟು. ಸೆಲ್ಯುಲಾಯ್ಡ್ ಬೆಂಕಿಗೆ ಥಟ್ಟನೆ ಹೊತ್ತಿಕೊಳ್ಳುವ ವಸ್ತು. ಆದಕಾರಣ 1950ರ ದಶಕದಲ್ಲಿ ಅದರ ಸ್ಥಾನಕ್ಕೆ ಮೆದು ವಿನೈಲ್ ಬಂದಿತು. 1966ರ ಸುಮಾರಿಗೆ ಮಾರುಸಾನ್ ಎಂಬ ಕಂಪನಿಯು ಸಿನೆಮಾ ಮತ್ತು ದೂರದರ್ಶನದ ದೈತ್ಯಮೃಗಗಳನ್ನು ವಿನೈಲಿನಲ್ಲಿ ಮಾಡಿ ಮಾರತೊಡಗಿತು. ಅವು ಮಕ್ಕಳಿಗಾಗಿಯೇ ಇದ್ದವು. ಆ ಮಕ್ಕಳು ದೊಡ್ಡವರಾದರು. ಕೈಯಲ್ಲಿ ಹಣ ಬಂದಿತು. ಬಾಲ್ಯದಲ್ಲಿ ಕಳೆದುಹೋದ ಬೊಂಬೆಗಳನ್ನು ಹುಡುಕಿಕೊಂಡು ಹೊರಟರು.

ಅದನ್ನು ಕಲೆಯ ಅಂತಸ್ತಿಗೆ ಏರಿಸಿದ್ದು ಹಾಂಗ್‌ಕಾಂಗ್. ಅಲ್ಲಿಯ ಆಟಿಕೆ ಕಾರ್ಖಾನೆಗಳು ಒಂದು ಕಾಲದಲ್ಲಿ ಲೋಕಕ್ಕೆಲ್ಲ ಪ್ಲಾಸ್ಟಿಕ್ ಬೊಂಬೆಗಳನ್ನು ಒದಗಿಸಿದ್ದವು. ಅವು ಒಂದೊಂದಾಗಿ ಚೀನದ ಒಳನಾಡಿಗೆ ಹೋದ ಮೇಲೆ, 1999ರಲ್ಲಿ, ಮೈಕೆಲ್ ಲೌ ಎಂಬ ಕಲಾವಿದನು ತಾನು ರೂಪಿಸಿದ 99 ಬೊಂಬೆಗಳ ಒಂದು ಪ್ರದರ್ಶನವನ್ನು ಹಾಂಗ್‌ಕಾಂಗಿನಲ್ಲಿ ನಡೆಸಿದನು. ಅವು ರಾಜರಾಣಿಯರಲ್ಲ, ಬೀದಿಯ ಹುಡುಗರು, ಸಡಿಲ ಷರಾಯಿ, ಕಿವಿಯಲ್ಲಿ ಓಲೆ. ಅದೇ ವರ್ಷ ಅಮೆರಿಕದ ಕಾಸ್ ಎಂಬ ಹೆಸರಿನ ಚಿತ್ರಕಾರನು ಜಪಾನಿನಲ್ಲಿ ತನ್ನ ಮೊದಲ ವಿನೈಲ್ ಬೊಂಬೆಯನ್ನು ಹೊರತಂದನು. 2001ರಲ್ಲಿ ಟೋಕಿಯೊದ ಮೆಡಿಕಾಮ್ ಕಂಪನಿಯ ಕರಡಿ ಬಂದಿತು, 2002ರಲ್ಲಿ ಅಮೆರಿಕದಲ್ಲಿ ಕಿಡ್‌ರೋಬಾಟ್ ಅಂಗಡಿ ತೆರೆಯಿತು. ಮುಂದಿನದು ಬಹುಮಟ್ಟಿಗೆ ವ್ಯಾಪಾರದ ಕಥೆ.

ಕಲಾವಿದರು ಈ ವಿನೈಲನ್ನೇ ಏಕೆ ಹಿಡಿದರೆಂಬ ಪ್ರಶ್ನೆಗೆ ಉತ್ತರವು ತಯಾರಿಕೆಯ ಕ್ರಮದಲ್ಲಿದೆ. ಸಾಧಾರಣ ಪ್ಲಾಸ್ಟಿಕ್ ಸಾಮಾನುಗಳನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ತುಂಬಿ ಮಾಡುತ್ತಾರೆ. ಆ ಅಚ್ಚಿಗೆ ತಗಲುವ ವೆಚ್ಚ ಬಹಳ; ಸಾವಿರಾರು ನಗಗಳನ್ನು ತೆಗೆದಲ್ಲದೆ ಹಾಕಿದ ಹಣ ಹೊರಡದು. ವಿನೈಲಿನ ಕೆಲಸ ಹಾಗಲ್ಲ. ಮೊದಲು ಮೇಣದಲ್ಲಿ ರೂಪವನ್ನು ಕೆತ್ತಿ, ಅದರ ಮೇಲೆ ವಿದ್ಯುತ್ತಿನ ಸಹಾಯದಿಂದ ತಾಮ್ರದ ಪದರವನ್ನು ಕೂಡಿಸಿ, ಮೇಣವನ್ನು ಕರಗಿಸಿ ತೆಗೆದರೆ ಅಚ್ಚು ಸಿದ್ಧ. ಅದರೊಳಗೆ ದೋಸೆಯ ಹಿಟ್ಟಿನಷ್ಟು ಗಟ್ಟಿಯಾದ ದ್ರವರೂಪದ ವಿನೈಲನ್ನು ಹೊಯ್ದು, ಕಾದ ಎಣ್ಣೆಯಲ್ಲಿ ಅದ್ದುತ್ತಾರೆ. ಅಚ್ಚಿನ ಗೋಡೆಗೆ ತಾಗಿದ ಭಾಗ ಗಟ್ಟಿಯಾಗುತ್ತದೆ. ನಡುವೆ ಉಳಿದುದನ್ನು ಹೊರಕ್ಕೆ ಬಗ್ಗಿಸಿ, ಮತ್ತೊಮ್ಮೆ ಕಾಯಿಸಿ, ಬಿಸಿಯಿರುವಾಗಲೇ ಇಕ್ಕಳದಿಂದ ಎಳೆದು ತೆಗೆಯುತ್ತಾರೆ. ಅಂಗೈಯಗಲದ ಬಾಯಿಂದ ಇಡೀ ತಲೆ ಮುದುಡಿಕೊಂಡು ಹೊರಬಂದು ಮತ್ತೆ ಅರಳಿಕೊಳ್ಳುವುದು. ಇದಕ್ಕೆ ನುರಿತ ಕೈ ಬೇಕು. ಅಚ್ಚಿನ ವೆಚ್ಚ ಕಡಿಮೆಯಾದುದರಿಂದ ಇನ್ನೂರು ಮುನ್ನೂರು ನಗಗಳನ್ನಷ್ಟೇ ಮಾಡಿ ನಿಲ್ಲಿಸಬಹುದು. ಬಂಡವಾಳವಿಲ್ಲದ ಕಲಾವಿದನಿಗೆ ಅದೊಂದು ಉಪಕಾರ. ಆದರೆ ಕಡಿಮೆ ಸಂಖ್ಯೆಯು ಮೊದಲು ಬಡತನದ ನಿರ್ಬಂಧವಾಗಿದ್ದುದು, ಬರಬರುತ್ತಾ ಬೆಲೆಯೇರಿಸುವ ಉಪಾಯವಾಯಿತು.

ಇಲ್ಲಿಂದ ಮುಂದಿನದನ್ನು ವಾಣಿಜ್ಯ ಕಲಿತವನಾಗಿ ನಾನು ಸ್ವಲ್ಪ ಬಿಗಿಯಾಗಿಯೇ ನೋಡುತ್ತೇನೆ. 2010ರಲ್ಲಿ ಬೀಜಿಂಗಿನಲ್ಲಿ ಆರಂಭವಾದ ಪಾಪ್ ಮಾರ್ಟ್ ಎಂಬ ಕಂಪನಿಯು 2016ರಿಂದ ತನ್ನ ಬೊಂಬೆಗಳನ್ನು ಮುಚ್ಚಿದ ಪೆಟ್ಟಿಗೆಗಳಲ್ಲಿ ಮಾರಲು ತೊಡಗಿತು. ಒಂದು ಮಾಲಿಕೆಯಲ್ಲಿ ಹನ್ನೆರಡು ಬಗೆ ಇದ್ದರೆ ಯಾವ ಪೆಟ್ಟಿಗೆಯಲ್ಲಿ ಯಾವುದೆಂದು ಕೊಳ್ಳುವವನಿಗೆ ತಿಳಿಯದು. ಇವಲ್ಲದೆ ಗುಪ್ತ ಬೊಂಬೆಯೊಂದಿರುತ್ತದೆ. ಅದು 72 ಪೆಟ್ಟಿಗೆಗಳಿಗೊಂದು ಅಥವಾ 144 ಪೆಟ್ಟಿಗೆಗಳಿಗೊಂದು. ಈ ಕಂಪನಿಯು 2020ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗಿನ ಷೇರುಪೇಟೆಯನ್ನು ಸೇರಿತು. ಕಾಸಿಂಗ್ ಲುಂಗ್ ಎಂಬ ಕಲಾವಿದನು 2015ರಲ್ಲಿ ಚಿತ್ರಪುಸ್ತಕಗಳಿಗಾಗಿ ಸೃಷ್ಟಿಸಿದ ಲಬುಬು ಎಂಬ ಹಲ್ಲುಕಿರಿಯುವ ಪ್ರಾಣಿಯು ಈ ಕಂಪನಿಯ ಕೈಗೆ ಬಂದ ಮೇಲೆ ಲೋಕವೆಲ್ಲ ಅದರ ಹಿಂದೆ ಬಿದ್ದಿತು. 2025ರ ಜೂನಿನಲ್ಲಿ ಬೀಜಿಂಗಿನ ಹರಾಜೊಂದರಲ್ಲಿ 131 ಸೆಂಟಿಮೀಟರ್ ಎತ್ತರದ ಒಂದು ಲಬುಬು 10 ಲಕ್ಷ 80 ಸಾವಿರ ಯುವಾನಿಗೆ, ನಮ್ಮ ಲೆಕ್ಕದಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಹೋಯಿತು. ಅದೇ ತಿಂಗಳಿನಲ್ಲಿ ಕಂಪನಿಯು ಹೆಚ್ಚು ಸರಕನ್ನು ಮಾರುಕಟ್ಟೆಗೆ ಬಿಟ್ಟೊಡನೆ ಸಣ್ಣ ಲಬುಬುಗಳ ಮರುಮಾರಾಟದ ಬೆಲೆ ಕುಸಿಯಿತು. ಬೊಂಬೆಯಲ್ಲಿ ಒಂದು ಕೂದಲೂ ಕೊಂಕಿರಲಿಲ್ಲ. ಕೊಂಕಿದ್ದು ಇತರರ ಬಳಿ ಅದು ಇಲ್ಲವೆಂಬ ನಂಬಿಕೆ ಮಾತ್ರ.

ಮುಚ್ಚಿದ ಪೆಟ್ಟಿಗೆಯ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಸರಕನ್ನು ತೋರಿಸದೆ ಹಣ ಪಡೆಯುವುದು, ಸಿಗಲಿಲ್ಲವೆಂದು ಮತ್ತೆ ಕೊಳ್ಳುವಂತೆ ಮಾಡುವುದು, ಇದಕ್ಕೆ ನಮ್ಮ ಹಿರಿಯರಲ್ಲಿ ವ್ಯಾಪಾರವೆಂಬ ಹೆಸರಿರಲಿಲ್ಲ. ಸಪ್ತವ್ಯಸನಗಳಲ್ಲಿ ಮೊದಲು ಹೇಳಿರುವುದು ದ್ಯೂತವನ್ನು. ಚೀನದ ಸರ್ಕಾರವೇ 2023ರ ಜೂನಿನಲ್ಲಿ ಮಾರ್ಗಸೂಚಿ ಹೊರಡಿಸಿ, ಎಂಟು ವರ್ಷದೊಳಗಿನ ಮಕ್ಕಳಿಗೆ ಇಂತಹ ಪೆಟ್ಟಿಗೆಗಳನ್ನು ಮಾರಬಾರದೆಂದಿತು. ನಮ್ಮಲ್ಲಿ ಆಟಿಕೆಗಳ ಗುಣಮಟ್ಟದ ಆದೇಶವು 2021ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಆಟಿಕೆಯೆಂದರೆ 14 ವರ್ಷದೊಳಗಿನ ಮಕ್ಕಳ ಆಟಕ್ಕಾಗಿ ಇರುವ ವಸ್ತು. ಈ ಪೆಟ್ಟಿಗೆಗಳ ಮೇಲೆ 15 ವರ್ಷ ಮೇಲ್ಪಟ್ಟವರಿಗೆ ಎಂದು ಅಚ್ಚಾಗಿರುವುದನ್ನು ವಾಚಕರು ಗಮನಿಸಬಹುದು. ಬೊಂಬೆಯು ಬೊಂಬೆಯಲ್ಲವೆನಿಸುವುದಕ್ಕೆ ಆ ಎರಡು ಅಂಕಿಗಳು ಸಾಕು.

ಹಾಗಾದರೆ ನಮ್ಮ ಚನ್ನಪಟ್ಟಣದ ಮರದ ಬೊಂಬೆ ಒಳ್ಳೆಯದು, ಆ ವಿನೈಲು ಕೆಟ್ಟದ್ದು ಎಂದು ತೀರ್ಪು ಕೊಟ್ಟುಬಿಡೋಣವೇ? ಅಷ್ಟು ಸುಲಭವಲ್ಲ. ಚನ್ನಪಟ್ಟಣದ ಬೊಂಬೆಯ ಹೊಳಪು ಅರಗಿನದು. ಆಲೆಮರದ ತುಂಡನ್ನು ಚರಕಿಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುವುದು. ಆಮೇಲೆ ಒಣಗಿದ ತಾಳೆಗರಿಯಿಂದ ತಿಕ್ಕಿ ಮೆರುಗು ತರುತ್ತಾರೆ. ಈ ಅರಗು ಮುತ್ತುಗ, ಎಲಚಿ ಮೊದಲಾದ ಮರಗಳ ಕೊಂಬೆಗಳ ಮೇಲೆ ಒಂದು ಜಾತಿಯ ಕೀಟವು ಸ್ರವಿಸಿ ಕಟ್ಟಿಕೊಂಡ ಗೂಡು. ಕೊಂಬೆಯಿಂದ ಕೆರೆದು, ಪುಡಿಮಾಡಿ, ಕರಗಿಸುವಾಗ ಅಸಂಖ್ಯ ಜೀವಿಗಳು ನಾಶವಾಗುತ್ತವೆ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ಉಪಾಸಕದಶಾ ಆಗಮವೂ 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಹೇಳುತ್ತವೆ. ಅವುಗಳಲ್ಲಿ ದಂತದ ವ್ಯಾಪಾರ, ವಿಷದ ವ್ಯಾಪಾರಗಳ ಜೊತೆಗೆ ಲಾಕ್ಷಾ ವಾಣಿಜ್ಯ, ಎಂದರೆ ಅರಗಿನ ವ್ಯಾಪಾರವೂ ಸೇರಿದೆ. ನಮ್ಮ ತಂದೆಯವರು ಅಂಗಡಿಯಲ್ಲಿ ಮುದ್ರೆಯ ಅರಗನ್ನು ಇಡುತ್ತಿರಲಿಲ್ಲ. ಅಂಚೆಯ ಪಾರ್ಸೆಲಿಗೆ ಬೇಕೆಂದು ಕೇಳಿ ಬಂದವರನ್ನು ಮುಂದಿನ ಅಂಗಡಿಗೆ ಕಳುಹಿಸುತ್ತಿದ್ದರು. ಗಿರಾಕಿ ಕೈಬಿಟ್ಟನಲ್ಲಾ ಎಂದರೆ, ಬೇರೆ ಸಾಮಾನಿಗೆ ಬರುತ್ತಾನೆ ಎನ್ನುತ್ತಿದ್ದರು.

ವಿನೈಲಿನಲ್ಲಿ ಕೀಟವಿಲ್ಲ. ಅದು ಅರ್ಧಕ್ಕಿಂತ ಹೆಚ್ಚು ಉಪ್ಪಿನಿಂದ ತೆಗೆದ ಕ್ಲೋರಿನ್, ಉಳಿದುದು ಪೆಟ್ರೋಲಿಯಮ್ಮಿನ ಅಂಶ. ಹಾಗೆಂದು ಅದನ್ನು ನಿರ್ದೋಷವೆನ್ನಲೂ ಬಾರದು. ಅದನ್ನು ಮೆದುವಾಗಿಸಲು ಬೆರೆಸುವ ಥ್ಯಾಲೇಟುಗಳೆಂಬ ರಾಸಾಯನಿಕಗಳಿಗೆ ಮಕ್ಕಳ ಆಟಿಕೆಗಳಲ್ಲಿ ಮಿತಿಯನ್ನು ವಿಧಿಸಲಾಗಿದೆ. ವರ್ಷಗಳು ಕಳೆದಂತೆ ಆ ಮೆದುಕಾರಕವು ಬೆವರಿನಂತೆ ಹೊರಕ್ಕೆ ಒಸರಿ ಬೊಂಬೆ ಅಂಟಂಟಾಗುವುದೂ ಉಂಟು. ಲಕ್ಷಾಂತರ ರೂಪಾಯಿಯ ಸಂಗ್ರಹಗಳ ಸವಕಳಿಯನ್ನು ಲೆಕ್ಕ ಹಾಕುವವರು ಇದನ್ನೂ ಸೇರಿಸಿಕೊಳ್ಳುವುದು ಮೇಲು. ಇನ್ನು ಜೀವಹಾನಿಯಿಲ್ಲವೆಂಬ ಮಾತ್ರಕ್ಕೆ ಬೊಂಬೆಯೊಂದು ಹಗುರವೆನ್ನಲಾಗದೆಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕ್ರಿ.ಶ. 1209ರಲ್ಲಿ ಜನ್ನನು ಬರೆದ ಯಶೋಧರ ಚರಿತೆಯಲ್ಲಿ ಬಲಿಯಾಗುವುದು ಹಿಟ್ಟಿನಿಂದ ಮಾಡಿದ ಕೋಳಿಯೇ. ಅಲ್ಲಿ ಒಂದು ಜೀವವೂ ಹೋಗಲಿಲ್ಲ. ಆದರೂ ಆ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ರೂಪಕ್ಕೆ ಮನುಷ್ಯನು ಯಾವ ಸಂಕಲ್ಪವನ್ನು ತುಂಬುವನೋ ಅದರ ಮೇಲೆಯೇ ಆ ಕಾವ್ಯದ ದೃಷ್ಟಿ ನೆಟ್ಟಿದೆ.

ಆದರೂ ಈ ಹೊಸ ಬೊಂಬೆಗಳಲ್ಲಿ ನಾನು ಮೆಚ್ಚಿದ ಒಂದು ಗುಣವಿದೆ. ನನ್ನ ತಮ್ಮನ ಮಗನು ಬೊಂಬೆಯನ್ನು ಮಗುಚಿ ಅದರ ಪಾದದಡಿಯನ್ನು ತೋರಿಸಿದನು. ಅಲ್ಲಿ ಕಲಾವಿದನ ಹೆಸರು ಅಚ್ಚಾಗಿತ್ತು. ಬಣ್ಣ ಬಳಿದ ಕಾರ್ಖಾನೆಯ ಹೆಣ್ಣುಮಗಳ ಹೆಸರಿಲ್ಲ, ನಿಜ, ರೂಪಿಸಿದವನದಾದರೂ ಇದೆ. ನಮ್ಮ ಚನ್ನಪಟ್ಟಣದ ಬೊಂಬೆಯನ್ನು ಮಗುಚಿದರೆ ಏನಿದೆ? ಟೀಪೂ ಸುಲ್ತಾನನು ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿದನೆಂಬ ಪ್ರತೀತಿಯಿಂದ ಅರಸನ ಹೆಸರು ಉಳಿದಿದೆ. ಜಪಾನಿನ ಕ್ರಮಗಳನ್ನು ಅಳವಡಿಸಿದ ಬಾವಾಸ್ ಮಿಯಾನ್ ಎಂಬಾತನನ್ನು ಅಲ್ಲಿಯವರು ನೆನೆಯುತ್ತಾರೆ. ಇವರಿಬ್ಬರನ್ನು ಬಿಟ್ಟರೆ ತಲೆಮಾರುಗಳ ಕಾಲ ಚರಕಿಯ ಮುಂದೆ ಕುಳಿತವರೆಲ್ಲ ಹೆಸರಿಲ್ಲದವರು. ಭೌಗೋಳಿಕ ಸೂಚಿಯ ಮಾನ್ಯತೆಯೂ ಊರಿನ ಹೆಸರಿಗೇ ದೊರೆತಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರವಾದ ಮರಕ್ಕೆ ಹುಣಸೆಬೀಜದ ಅಂಟಿನ ಲೇಪ ಕೊಟ್ಟು ಗರುಡನನ್ನೂ ಗೌರಿಯನ್ನೂ ಮಾಡುವ ಚಿತ್ರಗಾರರ ವಿಷಯವೂ ಬೇರೆಯಲ್ಲ.

ಹೆಸರು ಬರೆಯುವುದು ನಮ್ಮ ಸಂಪ್ರದಾಯವಲ್ಲವೆಂದು ಕೆಲವರು ಹೇಳುವರು. ಹೊಯ್ಸಳರ ದೇಗುಲಗಳಲ್ಲಿ ವಿಗ್ರಹಗಳ ಪೀಠಗಳನ್ನು ನೋಡಿದವರು ಹಾಗೆನ್ನಲಾರರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, 13ನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮ, ಹೀಗೆ ರೂವಾರಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಕಲ್ಲಿನವನಿಗೆ ಇದ್ದುದು ಮರದವನಿಗೆ ಬರಲಿಲ್ಲ, ಅಷ್ಟೇ.

ಕೆಲವು ಒಳ್ಳೆಯ ಪ್ರಯತ್ನಗಳೂ ನಡೆದಿವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 2005ರಿಂದ ದಸರೆಯ ಮುನ್ನ ಬೊಂಬೆ ಮನೆ ಎಂಬ ಪ್ರದರ್ಶನವನ್ನು ನಡೆಸಿಕೊಂಡು ಬಂದಿದೆ. ಬೇರೆ ಬೇರೆ ರಾಜ್ಯಗಳ ಕುಶಲಕರ್ಮಿಗಳಿಂದ ಜಂಬೂಸವಾರಿಯಂತಹ ಮಾಲಿಕೆಗಳನ್ನು ಮಾಡಿಸಿ ಅಲ್ಲಿ ಇರಿಸುತ್ತಾರೆ. ವರ್ಷವರ್ಷವೂ ಮಾಲಿಕೆಗೆ ಸೇರಿಸಿಕೊಳ್ಳಲು ಬರುವ ಗೃಹಿಣಿಯರನ್ನು ನೋಡಿದರೆ ಹಾಂಗ್‌ಕಾಂಗಿನ ಸಂಗ್ರಾಹಕರ ಉತ್ಸಾಹಕ್ಕೆ ಅದೇನೂ ಕಡಿಮೆಯಲ್ಲ. ಪೆಟ್ಟಿಗೆ ಮಾತ್ರ ತೆರೆದೇ ಇರುತ್ತದೆ.

ಕಳೆದ ದಸರೆಗೆ ಮುನ್ನ, ಕ್ಯಾಲನೂರಿನಲ್ಲಿ ನಮ್ಮ ಬೀದಿಯವರೇ ಒಬ್ಬರು ತಮ್ಮ ಮನೆಯ ಶೆಟ್ಟಿಯ ಜೋಡಿ ಮುರಿದುದರಿಂದ ಹೊಸದನ್ನು ತಂದುಕೊಡಬೇಕೆಂದು ನನ್ನನ್ನು ಕೇಳಿಕೊಂಡಿದ್ದರು. ಮೈಸೂರಿನಿಂದ ಹಿಂದಿರುಗುವಾಗ ಚನ್ನಪಟ್ಟಣದ ಒಂದು ಅಂಗಡಿಯಲ್ಲಿ ಜೋಡಿ ಸಿಕ್ಕಿತು. ಅಡಿಯಲ್ಲಿ ಕಡೆದವರ ಹೆಸರನ್ನು ಪೆನ್ಸಿಲಿನಲ್ಲಾದರೂ ಬರೆದುಕೊಡಿರೆಂದೆ. ಅಂಗಡಿಯವರಿಗೆ ಅದು ವಿಚಿತ್ರವೆನಿಸಿತು, ಬೇಸರಪಡಲಿಲ್ಲ. "ಯಾರ ಮನೆಯಿಂದ ಬಂದ ಮಾಲೋ ಕೇಳಬೇಕು ಸ್ವಾಮಿ, ಎರಡು ದಿನ ಬಿಟ್ಟು ಫೋನ್ ಮಾಡಿ" ಎಂದರು. ಎರಡು ದಿನ ಬಿಟ್ಟು ಮಾಡಿದೆ. ಶೆಟ್ಟಿಯನ್ನು ಕಡೆದವರೊಬ್ಬರು, ಶೆಟ್ಟಮ್ಮನನ್ನು ಕಡೆದವರು ಇನ್ನೊಂದು ಬೀದಿಯ ಒಬ್ಬ ಹೆಣ್ಣುಮಗಳು. ಎರಡು ಹೆಸರುಗಳನ್ನೂ ಬರೆಸಿಕೊಂಡು ನೆರೆಮನೆಯವರಿಗೆ ಕೊಟ್ಟೆ. ಅವರು ಅದನ್ನು ಟ್ರಂಕಿನ ಮುಚ್ಚಳದ ಒಳಬದಿಗೆ ಅಂಟಿಸಿದ್ದಾರೆ.